ಬೇರೆಯವರ ಗ್ಲೈಡರ್ ಲಾಗ್ ಓದಿ ಕಲಿಯುವುದು ಹೇಗೆ? ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೆ ಸಮಗ್ರ ಮಾರ್ಗದರ್ಶಿ

ಬಿಸಿಲಿಗೆ ನಮ್ಮ ಕಡೆ ಬರವಿಲ್ಲ, ಬಯಲಿಗೂ ಬರವಿಲ್ಲ. ಮಾರ್ಚ್ ಮುಗಿಯುವ ಹೊತ್ತಿಗೆ ಎರೆಹೊಲಗಳ ಮೇಲೆ ಸುಳಿಗಾಳಿ ಏಳುತ್ತದೆ, ಹದ್ದುಗಳು ರೆಕ್ಕೆ ಬಡಿಯದೆ ಮೇಲೇರುತ್ತವೆ. ಇಲ್ಲದಿರುವುದು ಗ್ಲೈಡರ್, ಅಂದರೆ ಏರುಗಾಳಿಯ ಬಲದಿಂದ ಹಾರುವ ವಿಮಾನ, ಹತ್ತುವ ಅವಕಾಶ. ಪುಣೆಯ ಹಡಪಸರದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಗ್ಲೈಡಿಂಗ್ ಸೆಂಟರ್ ಇದೆ, ಕಾಮ್‌ಶೇಟ್ ಕಡೆ ಪ್ಯಾರಾಗ್ಲೈಡಿಂಗ್ ಇದೆ. ಎರಡಕ್ಕೂ ಮಹಾರಾಷ್ಟ್ರದ ರೈಲು ಹಿಡಿಯಬೇಕು. ಹೀಗೆ ವರ್ಷಕ್ಕೆ ಕೆಲವೇ ಗಂಟೆ ಹಾರಾಟ ಸಿಗುವವರಿಗೆ, ಅಥವಾ ಸದ್ಯಕ್ಕೆ ಕಾಂಡೋರ್ ಎಂಬ ಕಂಪ್ಯೂಟರ್ ಸಿಮ್ಯುಲೇಟರ್‌ನಲ್ಲಷ್ಟೇ ಹಾರುವವರಿಗೆ, ಬೇರೆ ಪೈಲಟ್‌ಗಳ ಹಾರಾಟದ ಲಾಗ್, ಅಂದರೆ ಅವರ ದಾರಿ, ಎತ್ತರ, ಸಮಯಗಳನ್ನು ಉಪಕರಣ ಬರೆದಿಟ್ಟ ಫೈಲ್, ದೊಡ್ಡ ಪಾಠಶಾಲೆ. ಆದರೆ ಹೆಚ್ಚಿನವರು ಲಾಗ್ ತೆರೆದು, ನಕ್ಷೆಯ ಮೇಲೆ ಬಣ್ಣದ ಗೆರೆ ನೋಡಿ, "ಇಷ್ಟು ದೂರ ಹೋಗ್ಯಾನ" ಎಂದು ಬೆರಗಾಗಿ ಮುಚ್ಚಿಬಿಡುತ್ತಾರೆ. ಗೆರೆಯಲ್ಲಿ ಕಲಿಯುವುದು ಕಡಿಮೆ. ಪೈಲಟ್ ಎಲ್ಲಿ ಸುತ್ತಲಿಲ್ಲ, ಯಾವ ಏರುಗಾಳಿಯನ್ನು ಬಿಟ್ಟು ಮುಂದೆ ಹೋದ, ಯಾವಾಗ ಬಿಟ್ಟ, ಇವನ್ನು ಹೆಕ್ಕಿ ತೆಗೆಯುವುದೇ ಲಾಗ್ ಓದುವುದು. ಆ ಕೆಲಸದ ಕ್ರಮ ಇಲ್ಲಿದೆ.

ಬೇಕಾಗುವ ಸಾಮಾನು

ಸಾಧಾರಣ ಲ್ಯಾಪ್‌ಟಾಪ್ ಸಾಕು. ಲಿಬ್ರೆಆಫೀಸ್ ಅಥವಾ ಎಕ್ಸೆಲ್ ಇರಲಿ. ಎಕ್ಸ್‌ಸಿಸೋರ್ ಉಚಿತ ಸಾಫ್ಟ್‌ವೇರ್, ಲ್ಯಾಪ್‌ಟಾಪಿನಲ್ಲೂ ಆಂಡ್ರಾಯ್ಡ್ ಫೋನಿನಲ್ಲೂ ನಡೆಯುತ್ತದೆ. ಸಿಮ್ಯುಲೇಟರ್ ಮೋಡ್‌ನಲ್ಲಿ ತೆರೆದು ರಿಪ್ಲೇ ಕೊಟ್ಟರೆ ಲಾಗನ್ನು ಹಾರಾಟದಂತೆಯೇ ಓಡಿಸಿ ತೋರಿಸುತ್ತದೆ. ನಾವಿಟರ್ ಕಂಪನಿಯ ಸೀಯು ಹಣ ಕೊಟ್ಟು ಕೊಳ್ಳುವಂಥದ್ದು. ಹಲವು ಲಾಗ್‌ಗಳನ್ನು ಒಂದೇ ಗಡಿಯಾರಕ್ಕೆ ಕಟ್ಟಿ ಓಡಿಸುವುದರಲ್ಲಿ ಅದು ಮೇಲು, ಆದರೆ ಕಲಿಕೆಯ ಶುರುವಿಗೆ ಅದರ ಅಗತ್ಯವಿಲ್ಲ. ನೆಲ ನೋಡಲು ಗೂಗಲ್ ಅರ್ಥ್ ಪ್ರೊ. ಜೊತೆಗೊಂದು ನೋಟ್‌ಬುಕ್. ಪರದೆಯ ಮೇಲೆ ನೋಡಿದ್ದು ಮರೆತುಹೋಗುತ್ತದೆ, ಕೈಯಲ್ಲಿ ಬರೆದದ್ದು ಉಳಿಯುತ್ತದೆ.

ಹಂತ 1: ಯಾವ ಲಾಗ್ ಆರಿಸಬೇಕು

ಇಲ್ಲಿ ತಪ್ಪಿದರೆ ಮುಂದಿನ ಶ್ರಮವೆಲ್ಲ ವ್ಯರ್ಥ. ಆಲ್ಪ್ಸ್ ಪರ್ವತದ 1,000 ಕಿಲೋಮೀಟರ್ ಹಾರಾಟ ನೋಡಲು ಚೆಂದ, ಆದರೆ ಅಲ್ಲಿ ಗ್ಲೈಡರ್ ಬೆಟ್ಟದ ಅಂಚು ಹಿಡಿದು ನೆಟ್ಟಗೆ ಓಡುತ್ತದೆ. ಸೇಡಂನಿಂದ ಜೇವರ್ಗಿವರೆಗೆ ಚಪ್ಪಟೆ ನೆಲ ಇರುವ ನಮ್ಮಂಥವರಿಗೆ ಬೇಕಾದದ್ದು ಬಯಲು ಸೀಮೆಯ ಥರ್ಮಲ್ ಹಾರಾಟ, ಅಂದರೆ ಕಾದ ನೆಲದಿಂದ ಏಳುವ ಏರುಗಾಳಿಯಲ್ಲಿ (ಥರ್ಮಲ್) ಸುತ್ತುತ್ತ ಮೇಲೇರಿ ಮುಂದಕ್ಕೆ ಓಡುವುದು. ಆಸ್ಟ್ರೇಲಿಯಾದ ಬೆನಲ್ಲಾ ಮತ್ತು ನ್ಯಾರೊಮೈನ್, ಅಮೆರಿಕದ ಟೆಕ್ಸಸ್‌ನ ಉವಾಲ್ಡೆ, ಸ್ಪೇನ್‌ನ ಒಕಾನ್ಯಾ, ನಮೀಬಿಯಾದ ಬಿಟ್ಟರ್‌ವಾಸರ್ ಹುಡುಕಿ. ಒಣ ನೆಲ, ಬಿರುಬಿಸಿಲು, ಎತ್ತರದ ಏರುಗಾಳಿ: ನಮ್ಮ ಬೇಸಿಗೆಗೆ ಹತ್ತಿರದ ಸ್ವಭಾವ.

ಒಂಟಿ ಲಾಗ್ ಬೇಡ. ಒಂದೇ ದಿನ, ಒಂದೇ ಟಾಸ್ಕ್ (ಹಾರಲು ನಿಗದಿ ಮಾಡಿದ ದಾರಿ), ಒಂದೇ ವರ್ಗದ ಗ್ಲೈಡರ್‌ಗಳಲ್ಲಿ ಹಾರಿದವರ ಮೂರು ಲಾಗ್ ಇರಲಿ: ಆ ದಿನ ಗೆದ್ದವರದು, ನಡುವಿನ ಸ್ಥಾನದವರದು, ಗುರಿ ಮುಟ್ಟದೆ ಹೊಲದಲ್ಲಿ ಇಳಿದವರದು. ಹೀಗೆ ಸಿಗುವುದು ಸ್ಪರ್ಧೆಗಳಲ್ಲೇ. 2012ರ ಉವಾಲ್ಡೆ ಮತ್ತು 2017ರ ಬೆನಲ್ಲಾ ವಿಶ್ವ ಚಾಂಪಿಯನ್‌ಶಿಪ್‌ಗಳಂಥ ಕೂಟಗಳ ಫಲಿತಾಂಶ ಸೋರಿಂಗ್‌ಸ್ಪಾಟ್ ತಾಣದಲ್ಲಿ ದಿನವಾರು ಇರುತ್ತದೆ. ವೀಗ್ಲೈಡ್ ಮತ್ತು ಓಎಲ್‌ಸಿ ಎಂಬ ತಾಣಗಳಲ್ಲಿ ದಿನನಿತ್ಯದ ಹಾರಾಟಗಳಿವೆ, ಖಾತೆ ತೆರೆಯಬೇಕಾಗಬಹುದು. ಈ ತಾಣಗಳಿಗೆ ಜನ ಒಳ್ಳೆಯ ಹಾರಾಟವನ್ನೇ ಹಾಕುತ್ತಾರೆ, ಕೆಟ್ಟದ್ದು ಬಚ್ಚಿಡುತ್ತಾರೆ. ಸ್ಪರ್ಧೆಯಲ್ಲಿ ಸೋತವರೂ ಲಾಗ್ ಕೊಡಲೇಬೇಕು. ಹೊಲದಲ್ಲಿ ಇಳಿದವರ ಲಾಗ್ ಸಿಗುವುದು ಅದರಿಂದಲೇ, ಮತ್ತು ಕಲಿಯಲು ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ.

ಎಲ್ಲರೂ ಸಲೀಸಾಗಿ ಮನೆ ಮುಟ್ಟಿದ ದಿನ ಬಿಡಿ. ಅರ್ಧ ಜನ ಹೊಲದಲ್ಲಿ ಇಳಿದ ದಿನ ಆರಿಸಿ.

ಹಂತ 2: ಫೈಲನ್ನು ಮೊದಲು ಅಕ್ಷರವಾಗಿ ಓದಿ

ಲಾಗ್ ಬರುವುದು ಐಜಿಸಿ ಫೈಲ್ ಆಗಿ. ಅಂತಾರಾಷ್ಟ್ರೀಯ ಗ್ಲೈಡಿಂಗ್ ಆಯೋಗ 1990ರ ದಶಕದಲ್ಲಿ ರೂಪಿಸಿದ ಮಾದರಿ ಇದು. ಒಳಗಿರುವುದು ಬರೀ ಪಠ್ಯ, ನೋಟ್‌ಪ್ಯಾಡ್‌ನಲ್ಲೂ ತೆರೆಯುತ್ತದೆ. ಪ್ರತಿ ಸಾಲಿನ ಮೊದಲ ಅಕ್ಷರ ಆ ಸಾಲು ಏನೆಂದು ಹೇಳುತ್ತದೆ. 'ಎ' ಸಾಲಿನಲ್ಲಿ ಉಪಕರಣದ ಗುರುತು. 'ಎಚ್' ಸಾಲುಗಳಲ್ಲಿ ದಿನಾಂಕ, ಗ್ಲೈಡರ್ ಮಾದರಿ ಮುಂತಾದವು. ದಿನಾಂಕ 120425 ಎಂದಿದ್ದರೆ 2025ರ ಏಪ್ರಿಲ್ 12. 'ಸಿ' ಎಂದರೆ ಟಾಸ್ಕ್. 'ಐ' ಸಾಲು ಪ್ರತಿ ಬಿಂದುವಿನ ಕೊನೆಗೆ ಹೆಚ್ಚುವರಿ ಏನೇನು ದಾಖಲಾಗಿದೆ ಎಂದು ತಿಳಿಸುತ್ತದೆ. 'ಜಿ' ಫೈಲನ್ನು ಯಾರೂ ತಿದ್ದಿಲ್ಲವೆಂಬುದಕ್ಕೆ ಮುದ್ರೆ.

ಮುಖ್ಯವಾದದ್ದು 'ಬಿ' ಸಾಲು. ಕಲಬುರಗಿ ನಗರದ ಮೇಲೆ ಹಾರುತ್ತಿರುವ ಗ್ಲೈಡರ್ ಎಂದು ಕಲ್ಪಿಸಿಕೊಂಡರೆ ಸಾಲು ಹೀಗಿರುತ್ತದೆ (ಫೈಲಿನಲ್ಲಿ ಅಕ್ಷರಗಳು ಇಂಗ್ಲಿಷಿನವು, ನಡುವೆ ಜಾಗ ಇರುವುದಿಲ್ಲ):

ಬಿ 081210 1719800 ಎನ್ 07650100 ಇ ಎ 01150 01070

081210 ಎಂದರೆ 8 ಗಂಟೆ 12 ನಿಮಿಷ 10 ಸೆಕೆಂಡ್. ಇದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯ, ನಮ್ಮ ಸಮಯಕ್ಕೆ ಐದೂವರೆ ಗಂಟೆ ಕೂಡಿಸಿ: ಮಧ್ಯಾಹ್ನ 1:42:10. 1719800 ಎಂದರೆ ಉತ್ತರ ಅಕ್ಷಾಂಶ 17 ಡಿಗ್ರಿ 19.800 ನಿಮಿಷ. ನಿಮಿಷವನ್ನು 60ರಿಂದ ಭಾಗಿಸಿದರೆ 17.330. ಹಾಗೆಯೇ ರೇಖಾಂಶ 76 ಡಿಗ್ರಿ 50.100 ನಿಮಿಷ, ಅಂದರೆ 76.835. ಮುಂದಿನ 'ಎ' ಸ್ಥಾನ ಸರಿಯಾಗಿ ಸಿಕ್ಕಿದೆ ಎಂಬ ಗುರುತು; ಅಲ್ಲಿ 'ವಿ' ಇದ್ದರೆ ಜಿಪಿಎಸ್ ಎತ್ತರ ನಂಬಬೇಡಿ. ನಂತರದ ಐದು ಅಂಕಿ ಗಾಳಿಯ ಒತ್ತಡದಿಂದ ಅಳೆದ ಎತ್ತರ, ಕೊನೆಯ ಐದು ಜಿಪಿಎಸ್ ಎತ್ತರ, ಎರಡೂ ಮೀಟರ್‌ನಲ್ಲಿ.

ಸ್ಪ್ರೆಡ್‌ಶೀಟ್‌ಗೆ ತರುವಾಗ ಅಕ್ಷರದ ಸ್ಥಾನ ಎಣಿಸಿ ಕತ್ತರಿಸಿ: 2ರಿಂದ 7 ಸಮಯ, 8ರಿಂದ 14 ಅಕ್ಷಾಂಶ, 16ರಿಂದ 23 ರೇಖಾಂಶ, 26ರಿಂದ 30 ಒತ್ತಡದ ಎತ್ತರ, 31ರಿಂದ 35 ಜಿಪಿಎಸ್ ಎತ್ತರ. ದೂರ ಲೆಕ್ಕಕ್ಕೆ ಅಕ್ಷಾಂಶದ ಒಂದು ನಿಮಿಷ 1,852 ಮೀಟರ್. ರೇಖಾಂಶದ ಒಂದು ನಿಮಿಷ ಕಲಬುರಗಿ ಅಕ್ಷಾಂಶದಲ್ಲಿ ಸುಮಾರು 1,768 ಮೀಟರ್, ಸಮಭಾಜಕದಿಂದ ದೂರ ಹೋದಷ್ಟೂ ಕಡಿಮೆ.

ಹಂತ 3: ಸಮಯ, ಎತ್ತರಗಳ ಬಲೆಗೆ ಬೀಳದಿರಿ

ಆಸ್ಟ್ರೇಲಿಯಾ, ಅಮೆರಿಕದ ಲಾಗ್‌ಗಳಲ್ಲಿ ಹಾರಾಟದ ನಡುವೆಯೇ ಯುಟಿಸಿ ಮಧ್ಯರಾತ್ರಿ ದಾಟುವುದು ಸಾಮಾನ್ಯ. ಆಗ ಸಮಯ 235959ರಿಂದ 000000ಕ್ಕೆ ಜಿಗಿಯುತ್ತದೆ, ನಿಮ್ಮ ಲೆಕ್ಕ ಋಣಸಂಖ್ಯೆ ಕೊಡುತ್ತದೆ. ಆ ಸಾಲಿನಿಂದ ಮುಂದಕ್ಕೆ 86,400 ಸೆಕೆಂಡ್ ಕೂಡಿಸಿ.

ಗಡಿಯಾರಕ್ಕಿಂತ ಸೂರ್ಯನ ಸಮಯ ಮುಖ್ಯ. ಕಲಬುರಗಿಯಲ್ಲಿ ಸೂರ್ಯ ನೆತ್ತಿಗೆ ಬರುವುದು ಸುಮಾರು 12:20ಕ್ಕೆ. ಉವಾಲ್ಡೆಯಲ್ಲಿ, ಬೇಸಿಗೆ ಗಡಿಯಾರದ ಪ್ರಕಾರ, 1:40ರ ಆಸುಪಾಸು. ಹಾಗಾಗಿ ಅಲ್ಲಿ ಒಂದು ಗಂಟೆಗೆ ಹೊರಟವನು ನಮ್ಮ ಲೆಕ್ಕದಲ್ಲಿ ಹನ್ನೆರಡಕ್ಕಿಂತ ಮೊದಲೇ ಹೊರಟಂತೆ. ಎಲ್ಲ ಸಮಯವನ್ನೂ "ನಡುಹೊತ್ತಿಗೆ ಇಷ್ಟು ನಿಮಿಷ ಮುಂಚೆ, ಇಷ್ಟು ನಿಮಿಷ ಆಮೇಲೆ" ಎಂದು ಬರೆದುಕೊಂಡರೆ ಬೇರೆ ಬೇರೆ ದೇಶದ ಲಾಗ್‌ಗಳನ್ನು ಹೋಲಿಸಬಹುದು.

ಎರಡು ಎತ್ತರಗಳು ಹೊಂದುವುದಿಲ್ಲ. ಅದು ಉಪಕರಣದ ದೋಷವಲ್ಲ. ಒತ್ತಡದ ಎತ್ತರ 1013.25 ಹೆಕ್ಟೊಪಾಸ್ಕಲ್ ಎಂಬ ನಿಗದಿತ ಅಂಕಿಯಿಂದ ಎಣಿಸಿದ್ದು; ಅಂದಿನ ಸಮುದ್ರಮಟ್ಟದ ಒತ್ತಡ ಒಂದು ಹೆಕ್ಟೊಪಾಸ್ಕಲ್ ಕಡಿಮೆ ಇದ್ದರೆ ಸುಮಾರು 8 ಮೀಟರ್ ಹೆಚ್ಚು ತೋರಿಸುತ್ತದೆ. ಜಿಪಿಎಸ್ ಎತ್ತರ ನಿಯಮದ ಪ್ರಕಾರ ಡಬ್ಲ್ಯೂಜಿಎಸ್84 ಎಂಬ ಗಣಿತದ ಅಂಡಾಕೃತಿಯಿಂದ ಎಣಿಸಿದ್ದು. ದಕ್ಷಿಣ ಭಾರತದಲ್ಲಿ ನಿಜವಾದ ಸಮುದ್ರಮಟ್ಟ ಆ ಆಕೃತಿಗಿಂತ ಬಹಳ ಕೆಳಗಿದೆ, ನಮ್ಮ ಭಾಗದಲ್ಲಿ ಸುಮಾರು 70 ಮೀಟರ್. ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದ ಕಲಬುರಗಿಯಲ್ಲಿ ನೆಲದ ಮೇಲೆ ನಿಂತ ಉಪಕರಣ 380 ಎಂದು ಬರೆದರೆ ಗಾಬರಿಯಾಗಬೇಡಿ. ಕೆಲವು ಫೋನ್ ಆ್ಯಪ್‌ಗಳು ಇದನ್ನು ತಾವೇ ಸರಿಪಡಿಸಿ ಬರೆಯುತ್ತವೆ, ಕೆಲವು ಬರೆಯುವುದಿಲ್ಲ. ಪತ್ತೆ ಹಚ್ಚಲು ಗ್ಲೈಡರ್ ಏರುವ ಮೊದಲಿನ ಸಾಲುಗಳ ಎತ್ತರವನ್ನು ಆ ಮೈದಾನದ ಗೊತ್ತಿರುವ ಎತ್ತರದ ಜೊತೆ ಹೋಲಿಸಿ, ವ್ಯತ್ಯಾಸವನ್ನು ಎಲ್ಲ ಸಾಲಿಗೂ ಕೂಡಿಸಿ ಅಥವಾ ಕಳೆಯಿರಿ.

ಏರುವ ವೇಗದ ಲೆಕ್ಕಕ್ಕೆ ಒತ್ತಡದ ಎತ್ತರವನ್ನೇ ಬಳಸಿ, ಅದು ನಯವಾಗಿರುತ್ತದೆ. ಆದರೆ ಬಿಸಿಗಾಳಿ ಹಿಗ್ಗಿರುವುದರಿಂದ ಅದು ನಿಜಕ್ಕಿಂತ ಕಡಿಮೆ ತೋರಿಸುತ್ತದೆ: ಪ್ರಮಾಣಿತ ವಾತಾವರಣಕ್ಕಿಂತ 10 ಡಿಗ್ರಿ ಹೆಚ್ಚಿದರೆ ಶೇಕಡಾ 4ರಷ್ಟು. ಪ್ರಮಾಣಿತಕ್ಕಿಂತ 20 ಡಿಗ್ರಿ ಬಿಸಿಯಿದ್ದ ದಿನ ಸೆಕೆಂಡಿಗೆ 2.0 ಮೀಟರ್ ಎಂದು ಬಂದದ್ದು ನಿಜಕ್ಕೆ 2.15ರ ಹತ್ತಿರ. ಒಂದೇ ದಿನದ ಲಾಗ್‌ಗಳನ್ನು ಹೋಲಿಸುವಾಗ ಇದನ್ನು ಮರೆತರೂ ನಡೆಯುತ್ತದೆ.

ಬೇಡದ್ದನ್ನು ಕತ್ತರಿಸಿ

ಶುರುವಿನಲ್ಲಿ ವಿಂಚ್ (ನೆಲದ ಮೇಲಿನಿಂದ ಹಗ್ಗ ಸುತ್ತಿ ಎಳೆಯುವ ಯಂತ್ರ) ಅಥವಾ ಟೋ ವಿಮಾನ ಎಳೆದುಕೊಂಡು ಹೋದ ಭಾಗ ತೆಗೆಯಿರಿ. ಎಂಜಿನ್ ಇರುವ ಗ್ಲೈಡರ್ ಆದರೆ 'ಐ' ಸಾಲಿನಲ್ಲಿ ಎಂಜಿನ್ ಶಬ್ದದ ಕಾಲಂ ಇದೆಯೇ ನೋಡಿ. 000ರಿಂದ 999ರವರೆಗಿನ ಅಂಕಿ, ಎಂಜಿನ್ ಓಡಿದಾಗ ಜಿಗಿದು ಮೇಲೇರುತ್ತದೆ. ನೆಟ್ಟಗೆ ಹಾರುತ್ತಲೇ ಐದು ನಿಮಿಷ ಒಂದೇ ಸಮನೆ ಏರಿದ ಭಾಗ ಕಂಡರೆ ಅದ್ಭುತ ಗಾಳಿ ಎಂದು ಬರೆದುಕೊಳ್ಳುವ ಮೊದಲು ಈ ಕಾಲಂ ನೋಡಿ. ದಾಖಲಾತಿಯ ಅಂತರವನ್ನೂ ಪರೀಕ್ಷಿಸಿ. ಸೆಕೆಂಡಿಗೊಂದು ಬಿಂದು ಉತ್ತಮ, 4 ಸೆಕೆಂಡ್ ಪರವಾಗಿಲ್ಲ. 10 ಸೆಕೆಂಡಿಗೊಂದಾದರೆ 20 ಸೆಕೆಂಡಿನ ಸುತ್ತಿಗೆ ಎರಡೇ ಬಿಂದು ಸಿಕ್ಕಿ ಸುತ್ತು ಅಡ್ಡಾದಿಡ್ಡಿ ಗೆರೆಯಾಗುತ್ತದೆ. ಅಂಥ ಲಾಗ್‌ನಲ್ಲಿ ಥರ್ಮಲ್ ಒಳಗಿನ ಕೆಲಸ ಕಾಣುವುದಿಲ್ಲ.

ಹಂತ 4: ಒಂದು ಏರಿಕೆಯನ್ನು ಬಿಡಿಸಿ ನೋಡುವುದು

ಎತ್ತರ ಮತ್ತು ಸಮಯದ ಗ್ರಾಫ್ ಎಳೆದರೆ ಗರಗಸದ ಹಲ್ಲಿನ ಆಕಾರ ಬರುತ್ತದೆ. ಏರುವ ಗೆರೆ ಥರ್ಮಲ್, ಇಳಿಯುವ ಗೆರೆ ಮುಂದಿನದಕ್ಕೆ ಓಟ. ಸಾಫ್ಟ್‌ವೇರ್ ಪ್ರತಿ ಏರಿಕೆಗೆ ಒಂದು ಸರಾಸರಿ ಕೊಡುತ್ತದೆ, ಅಲ್ಲಿಗೇ ನಿಲ್ಲಬೇಡಿ. ಮಾದರಿಗೆ ಒಂದು ಏರಿಕೆ: 1,150 ಮೀಟರಿನಲ್ಲಿ ಶುರು, 1,930ರಲ್ಲಿ ಮುಕ್ತಾಯ, 390 ಸೆಕೆಂಡ್. ಸರಾಸರಿ ಸೆಕೆಂಡಿಗೆ 2.0 ಮೀಟರ್. ಇದನ್ನೇ ಮೂರು ತುಂಡು ಮಾಡಿ:

ಮೊದಲ 90 ಸೆಕೆಂಡಿನಲ್ಲಿ ಗಳಿಸಿದ್ದು 60 ಮೀಟರ್.
ನಡುವಿನ 240 ಸೆಕೆಂಡಿನಲ್ಲಿ 640 ಮೀಟರ್, ಸೆಕೆಂಡಿಗೆ 2.7.
ಕೊನೆಯ 60 ಸೆಕೆಂಡಿನಲ್ಲಿ 80 ಮೀಟರ್, ಸೆಕೆಂಡಿಗೆ 1.3.

ಮೊದಲ 60 ಮೀಟರ್ ಬಹುಪಾಲು ಥರ್ಮಲ್ ಕೊಟ್ಟದ್ದೇ ಅಲ್ಲ. ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಬಂದ ಪೈಲಟ್ ಮೂತಿ ಎತ್ತಿ 90ಕ್ಕೆ ಇಳಿಸಿದರೆ, ಆ ವೇಗವೇ ಎತ್ತರವಾಗಿ ಸುಮಾರು 55 ಮೀಟರ್ ಸಿಗುತ್ತದೆ. ಅಂದರೆ ಮೊದಲ ಒಂದೂವರೆ ನಿಮಿಷ ಅವನು ಗಾಳಿಯ ನಡುಭಾಗ ಹುಡುಕುತ್ತಾ ಕಳೆದ. ಗೆದ್ದವರ ಲಾಗ್‌ನಲ್ಲಿ ಇದೇ ಜಾಗ ನೋಡಿ: ಎರಡು ಸುತ್ತಿನಲ್ಲಿ, 40 ಸೆಕೆಂಡಿನೊಳಗೆ ನೆಲೆ ಕಂಡುಕೊಂಡಿದ್ದರೆ ಪ್ರತಿ ಥರ್ಮಲ್‌ನಲ್ಲಿ 50 ಸೆಕೆಂಡ್ ಉಳಿತಾಯ. ಹತ್ತು ಥರ್ಮಲ್ ಇರುವ ಟಾಸ್ಕ್‌ನಲ್ಲಿ ಎಂಟು ನಿಮಿಷಕ್ಕೂ ಹೆಚ್ಚು. ಇನ್ನು ಕೊನೆಯ ಒಂದು ನಿಮಿಷ 1.3ರ ದುರ್ಬಲ ಗಾಳಿಯಲ್ಲಿ ಉಳಿದದ್ದು ಯಾಕೆ ಎಂಬುದು ಬರೆದಿಡಬೇಕಾದ ಪ್ರಶ್ನೆ. ಮುಂದೆ ಹಸಿ ನೆಲವೋ ನೀರೋ ಇದ್ದು ಎತ್ತರ ಬೇಕಿತ್ತೇ, ಅಥವಾ ಬಿಡಲು ಮನಸ್ಸಾಗಲಿಲ್ಲವೇ?

ಸೆಕೆಂಡ್ ಸೆಕೆಂಡಿನ ಏರುವ ವೇಗ ನೋಡಬೇಡಿ. ಎತ್ತರ ದಾಖಲಾಗುವುದು ಇಡೀ ಮೀಟರ್‌ನಲ್ಲಿ, ಅಂಕಿಗಳು ಕುಣಿಯುತ್ತವೆ. 20 ಸೆಕೆಂಡಿನ, ಅಂದರೆ ಸುಮಾರು ಒಂದು ಸುತ್ತಿನ ಸರಾಸರಿ ತೆಗೆಯಿರಿ.

ಸುತ್ತಿನ ಸಮಯವೂ ಮಾತಾಡುತ್ತದೆ. ದಿಕ್ಕು 360 ಡಿಗ್ರಿ ತಿರುಗಲು ಎಷ್ಟು ಸೆಕೆಂಡ್ ಬೇಕಾಯಿತು ಎಣಿಸಿ. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ವಾಲಿಕೆ ಕೋನದ ಟ್ಯಾಂಜೆಂಟ್ ಎಂದರೆ 16 ಭಾಗಿಸು ಸುತ್ತಿನ ಸೆಕೆಂಡ್. 20 ಸೆಕೆಂಡಿನ ಸುತ್ತಿಗೆ ವಾಲಿಕೆ 39 ಡಿಗ್ರಿ, ಸುತ್ತಿನ ತ್ರಿಜ್ಯ 80 ಮೀಟರ್. 30 ಸೆಕೆಂಡಾದರೆ ವಾಲಿಕೆ 28 ಡಿಗ್ರಿ, ತ್ರಿಜ್ಯ 119 ಮೀಟರ್. ಹೊಸಬರು ಕಡಿಮೆ ವಾಲಿಸಿ ದೊಡ್ಡ ಸುತ್ತು ಹಾಕುತ್ತಾರೆ, ಥರ್ಮಲ್‌ನ ಗಟ್ಟಿ ನಡುಭಾಗದ ಹೊರಗೇ ತಿರುಗುತ್ತಾರೆ. ಎತ್ತರಕ್ಕೆ ಹೋದಂತೆ ನಿಜವಾದ ವೇಗ ಹೆಚ್ಚುವುದರಿಂದ, 2,000 ಮೀಟರಿನಲ್ಲಿ ಸುಮಾರು ಶೇಕಡಾ 10, ಈ ಲೆಕ್ಕ ಅಂದಾಜು ಎಂದೇ ಇಟ್ಟುಕೊಳ್ಳಿ.

ಗಾಳಿಯ ದಿಕ್ಕು, ವೇಗವೂ ಇಲ್ಲೇ ಸಿಗುತ್ತದೆ. ಮೊದಲ ಸುತ್ತಿನ ಕೇಂದ್ರಕ್ಕೂ ಕೊನೆಯ ಸುತ್ತಿನ ಕೇಂದ್ರಕ್ಕೂ ಇರುವ ದೂರವನ್ನು ಸಮಯದಿಂದ ಭಾಗಿಸಿ. 390 ಸೆಕೆಂಡಿನಲ್ಲಿ 1,950 ಮೀಟರ್ ಸರಿದಿದ್ದರೆ ಸೆಕೆಂಡಿಗೆ 5 ಮೀಟರ್, ಗಂಟೆಗೆ 18 ಕಿಲೋಮೀಟರ್ ಗಾಳಿ.

ಹಂತ 5: ಓಟದ ಭಾಗ

ಎರಡು ಥರ್ಮಲ್ ನಡುವಿನ ದೂರವನ್ನು ಕಳೆದುಕೊಂಡ ಎತ್ತರದಿಂದ ಭಾಗಿಸಿ. 14.4 ಕಿಲೋಮೀಟರಿಗೆ 400 ಮೀಟರ್ ಇಳಿದಿದ್ದರೆ ಅನುಪಾತ 36. ಅದೇ ವರ್ಗದ ಇನ್ನೊಬ್ಬ ಪೈಲಟ್ ಅದೇ ದಾರಿಗೆ 560 ಮೀಟರ್ ಕಳೆದುಕೊಂಡಿದ್ದರೆ 26ಕ್ಕೂ ಕಡಿಮೆ. ಎರಡು ಗೆರೆಗಳ ನಡುವೆ ಒಂದು ಕಿಲೋಮೀಟರ್ ಅಂತರ ಮಾತ್ರ ಇರಬಹುದು. ಒಬ್ಬ ಮೋಡದ ಸಾಲಿನ ಕೆಳಗೆ ಹೋದ, ಇನ್ನೊಬ್ಬ ಇಳಿಗಾಳಿಯ ಪಟ್ಟಿಯೊಳಗೆ ಹೋದ. ಗಮನಿಸಿ: ಲಾಗ್‌ನಲ್ಲಿರುವುದು ನೆಲದ ಮೇಲಿನ ವೇಗ, ಗಾಳಿಯೊಳಗಿನ ವೇಗವಲ್ಲ. ಬೆನ್ನಗಾಳಿ ಇದ್ದಾಗ ಅನುಪಾತ ಸುಳ್ಳೇ ಚೆನ್ನಾಗಿ ಕಾಣುತ್ತದೆ. ಭಾರ ಹೆಚ್ಚಿಸಲು ರೆಕ್ಕೆಗೆ ನೀರು ತುಂಬಿಸಿದ ಗ್ಲೈಡರ್ ಎಷ್ಟು ಭಾರವಿತ್ತು ಎಂಬುದೂ ಲಾಗ್‌ನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಬೇರೆ ವರ್ಗದವರ ಅಂಕಿಗಳನ್ನು ಪಕ್ಕಪಕ್ಕ ಇಡಬೇಡಿ.

ಇಲ್ಲಿ ಒಂದು ಲೆಕ್ಕ ಮಾಡಿ ನೋಡಲೇಬೇಕು. 1956ರ ವಿಶ್ವ ಚಾಂಪಿಯನ್ ಪಾಲ್ ಮ್ಯಾಕ್‌ಕ್ರೆಡಿ ಹೆಸರಿನಲ್ಲಿ ಪ್ರಸಿದ್ಧವಾದ ಸಿದ್ಧಾಂತದ ಸರಳ ರೂಪ: ಒಟ್ಟು ಸರಾಸರಿ ವೇಗ ಎಂದರೆ ಓಟದ ವೇಗವನ್ನು ಏರುವ ವೇಗದಿಂದ ಗುಣಿಸಿ, ಏರುವ ವೇಗ ಮತ್ತು ಇಳಿಯುವ ವೇಗಗಳ ಮೊತ್ತದಿಂದ ಭಾಗಿಸಿದ್ದು. ಒಂದು ಗ್ಲೈಡರ್ ಗಂಟೆಗೆ 130 ಕಿಲೋಮೀಟರ್ ವೇಗದಲ್ಲಿ ಓಡುವಾಗ ಸೆಕೆಂಡಿಗೆ 1.1 ಮೀಟರ್ ಇಳಿಯುತ್ತದೆ ಎನ್ನೋಣ. ಏರಿಕೆ 1.5 ಇದ್ದರೆ ಸರಾಸರಿ ಗಂಟೆಗೆ 75 ಕಿಲೋಮೀಟರ್. ಏರಿಕೆ ಹಾಗೇ ಇದ್ದು, ಅವಸರಪಟ್ಟು 145ರಲ್ಲಿ ಓಡಿ ಇಳಿಕೆ 1.4 ಆದರೆ? ಮತ್ತೆ 75. ಏನೂ ಸಿಗಲಿಲ್ಲ, ಸುಮ್ಮನೆ ತಳಕ್ಕೆ ಬೇಗ ಬಂದಂತಾಯಿತು. ಅದೇ 130ರಲ್ಲೇ ಓಡಿ, ದುರ್ಬಲ ಥರ್ಮಲ್ ಬಿಟ್ಟು, ಏರಿಕೆಯ ಸರಾಸರಿಯನ್ನು 2.0ಕ್ಕೆ ತಂದರೆ 84. 300 ಕಿಲೋಮೀಟರ್ ಟಾಸ್ಕ್ ನಾಲ್ಕು ಗಂಟೆಯ ಬದಲು ಮೂರು ಗಂಟೆ ಮೂವತ್ತೈದು ನಿಮಿಷದಲ್ಲಿ ಮುಗಿಯುತ್ತದೆ. ಗೆದ್ದವರ ಲಾಗ್ ನೋಡಿ "ಅವರು ಜೋರಾಗಿ ಓಡುತ್ತಾರೆ" ಎಂದುಕೊಳ್ಳುವುದು ಅರ್ಧ ತಿಳಿವಳಿಕೆ.

ಇದರಿಂದಲೇ ಇನ್ನೊಂದು ಅಳತೆಗೋಲು ಸಿಗುತ್ತದೆ. ಸುತ್ತುವುದರಲ್ಲಿ ಕಳೆಯಬೇಕಾದ ಸಮಯದ ಪಾಲು ಎಂದರೆ ಇಳಿಕೆಯನ್ನು ಏರಿಕೆ-ಇಳಿಕೆಗಳ ಮೊತ್ತದಿಂದ ಭಾಗಿಸಿದ್ದು. 2.0 ಮತ್ತು 1.1ಕ್ಕೆ ಶೇಕಡಾ 35. ಲಾಗ್‌ನಲ್ಲಿ ಶೇಕಡಾ 50 ಕಂಡರೆ ಉಳಿದ 15 ಹುಡುಕಾಟದಲ್ಲಿ, ಸಿಗದ ಥರ್ಮಲ್‌ಗಳಲ್ಲಿ ಹೋಯಿತು. ಶೇಕಡಾ 20 ಮಾತ್ರ ಇದ್ದರೆ ಪೈಲಟ್ ನೆಟ್ಟಗೆ ಹಾರುವಾಗಲೇ ಏರುಗಾಳಿ ಹಿಡಿದಿದ್ದಾನೆ. ಎಲ್ಲಿ, ಯಾವ ಸಾಲಿನಲ್ಲಿ ಎಂದು ಹುಡುಕಿ.

ಹಂತ 6: ಬಿಟ್ಟುಹೋದ ಥರ್ಮಲ್‌ಗಳ ಪಟ್ಟಿ

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹಂತ ಮಾಡುವಷ್ಟು ಸಮಯ ಇದ್ದರೆ ಇದನ್ನು ಮಾಡಿ. ಸಾಮಾನ್ಯವಾಗಿ ಸಾಫ್ಟ್‌ವೇರ್ ಇದನ್ನು ತಾನಾಗಿ ಕೊಡುವುದಿಲ್ಲ.

ನೆಟ್ಟಗೆ ಓಡುವ ಭಾಗಗಳಲ್ಲಿ, ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ಎತ್ತರ ಹೆಚ್ಚಿದ ಅಥವಾ ಇಳಿಯುವುದು ನಿಂತ ಜಾಗಗಳನ್ನು ಗುರುತು ಹಾಕಿ. ಅದೇ ಹೊತ್ತಿಗೆ ನೆಲದ ವೇಗ ಕುಸಿದಿದೆಯೇ ನೋಡಿ. ಕುಸಿದಿದ್ದರೆ ಸ್ವಲ್ಪ ಪಾಲು ಮೂತಿ ಎತ್ತಿದ್ದರಿಂದ ಬಂದದ್ದು. ವೇಗ ಹಾಗೇ ಇದ್ದು ಎತ್ತರ ಹೆಚ್ಚಿದ್ದರೆ ನಿಜವಾದ ಏರುಗಾಳಿ. ಪೈಲಟ್ ಅದನ್ನು ಕಂಡ, ಬಿಟ್ಟ. ಪ್ರತಿಯೊಂದಕ್ಕೂ ನಾಲ್ಕು ವಿಷಯ ಬರೆಯಿರಿ: ನೆಲದಿಂದ ಎತ್ತರ, ಗಾಳಿಯ ಬಲದ ಅಂದಾಜು, ನಡುಹೊತ್ತಿನಿಂದ ಸಮಯ, ಮುಂದೆ ಕಾಣುತ್ತಿದ್ದ ನೆಲ. ಸುತ್ತಿದ ಥರ್ಮಲ್‌ಗಳಿಗೂ ಅದೇ ನಾಲ್ಕು ವಿಷಯ.

ಒಬ್ಬರದೇ ಮೂರು ಹಾರಾಟಕ್ಕೆ ಈ ಪಟ್ಟಿ ಮಾಡಿದರೆ ಅವರ ನಿಯಮ ಬಿಚ್ಚಿಕೊಳ್ಳುತ್ತದೆ. ಉದಾಹರಣೆಗೆ ನೆಲದಿಂದ 1,200 ಮೀಟರಿನ ಮೇಲಿದ್ದಾಗ ಸೆಕೆಂಡಿಗೆ 2 ಮೀಟರಿಗಿಂತ ಕಡಿಮೆ ಏರಿಸುವ ಗಾಳಿಗೆ ತಿರುಗುವುದೇ ಇಲ್ಲ. 800ಕ್ಕೆ ಬಂದರೆ 1.5 ಸಾಕು, 600ರ ಕೆಳಗೆ ಏನು ಸಿಕ್ಕರೂ ಬಿಡುವುದಿಲ್ಲ, ಸಂಜೆಯಾದಂತೆ ಇಡೀ ನಿಯಮವೇ ಸಡಿಲ. ಹೊಲದಲ್ಲಿ ಇಳಿದವರ ಪಟ್ಟಿ ತೆಗೆದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಕಾಣುತ್ತದೆ: ಬೆಳಗಿನ ನಿಯಮವನ್ನೇ ಸಂಜೆಗೂ ಎಳೆದಿದ್ದಾರೆ, ಅಥವಾ ಮೇಲಿದ್ದಾಗ ದುರ್ಬಲವಾದದ್ದಕ್ಕೆಲ್ಲ ತಿರುಗಿ ಹೊತ್ತು ಕಳೆದು, ಕೊನೆಗೆ ದಿನ ಮುಗಿದ ಮೇಲೆ ದಾರಿಯಲ್ಲಿ ಉಳಿದಿದ್ದಾರೆ.

ಎತ್ತರವನ್ನು ನೆಲದಿಂದಲೇ ಎಣಿಸಿ. ಬೀದರ್ ಪ್ರಸ್ಥಭೂಮಿ ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲಿದೆ, ಯಾದಗಿರಿ 400ರ ಆಸುಪಾಸು. ಲಾಗ್‌ನ 1,200 ಮೀಟರ್ ಬೀದರ್ ಮೇಲೆ ಬರೀ 600, ಯಾದಗಿರಿ ಮೇಲೆ 800.

ಹಂತ 7: ನೆಲದ ಜೊತೆ, ಹವೆಯ ಜೊತೆ ಹೊಂದಿಸುವುದು

ಥರ್ಮಲ್ ಸಿಕ್ಕ ಜಾಗದ ನೇರ ಕೆಳಗೆ ಅದರ ಮೂಲ ಇರುವುದಿಲ್ಲ. ಗ್ಲೈಡರ್ ಸೆಕೆಂಡಿಗೆ 2 ಮೀಟರ್ ಏರುತ್ತಿದ್ದರೆ, ಸುತ್ತುವಾಗಿನ ಅದರ ಸ್ವಂತ ಇಳಿಕೆ ಸುಮಾರು 1 ಸೇರಿ ಗಾಳಿ 3 ಮೀಟರ್ ವೇಗದಲ್ಲಿ ಏರುತ್ತಿದೆ. ನೆಲದಿಂದ 600 ಮೀಟರ್ ಮೇಲೆ ಸಿಕ್ಕಿದ್ದರೆ ಅದು ನೆಲ ಬಿಟ್ಟು 200 ಸೆಕೆಂಡ್ ಆಯಿತು. 5 ಮೀಟರಿನ ಗಾಳಿಯಲ್ಲಿ ಒಂದು ಕಿಲೋಮೀಟರ್ ಸರಿದಿದೆ. ಗಾಳಿ ಬಂದ ದಿಕ್ಕಿಗೆ ಒಂದು ಕಿಲೋಮೀಟರ್ ಹಿಂದೆ ಹೋಗಿ ಗೂಗಲ್ ಅರ್ಥ್ ಪ್ರೊದಲ್ಲಿ ನೋಡಿ. ಹಳೆಯ ಚಿತ್ರಗಳ ಪಟ್ಟಿಯಿಂದ ಹಾರಾಟದ ತಿಂಗಳಿನದ್ದನ್ನೇ ಆರಿಸಿ. ಮಳೆಗಾಲದ ಹಸಿರು ಚಿತ್ರ ನೋಡಿ ಬೇಸಿಗೆಯ ಥರ್ಮಲ್ ವಿವರಿಸಲು ಹೊರಟರೆ ತಲೆಬುಡ ತಿಳಿಯುವುದಿಲ್ಲ.

ನಮ್ಮ ನೆಲಕ್ಕೆ ಇದನ್ನು ಅನ್ವಯಿಸಿ ಅಭ್ಯಾಸ ಮಾಡಿ. ಏಪ್ರಿಲ್‌ನ ಒಣಗಿ ಬಿರಿದ ಎರೆಹೊಲ ಚೆನ್ನಾಗಿ ಕಾಯುತ್ತದೆ, ಆದರೆ ಒಂದು ಜೋರು ಮಳೆ ಬಿದ್ದರೆ ಎರೆ ನೀರು ಹಿಡಿದುಕೊಂಡು ತಡವಾಗಿ ಕಾಯುತ್ತದೆ. ಬೀದರ್‌ನ ಕೆಂಪು ಜಂಬಿಟ್ಟಿಗೆ ನೆಲ ನೀರು ಬೇಗ ಬಸಿದು ಬೇಗ ಒಣಗುತ್ತದೆ. ಶಹಾಬಾದ್, ವಾಡಿ ಸುತ್ತಿನ ಫರಸಿ ಕಲ್ಲಿನ ಗಣಿಗಳ ಬರಿಬಂಡೆ ಒಳ್ಳೆಯ ಮೂಲವಾಗಬಲ್ಲದು. ನಾರಾಯಣಪುರ ಎಡದಂಡೆ ಕಾಲುವೆಯ ನೀರುಂಡ ಸುರಪುರ, ಶಹಾಪುರ ಕಡೆಯ ಭತ್ತದ ಗದ್ದೆಗಳು ಬೇಸಿಗೆಯಲ್ಲೂ ತಂಪು; ಅವುಗಳ ಮೇಲೆ ಇಳಿಗಾಳಿಯನ್ನೇ ನಿರೀಕ್ಷಿಸಿ, ಒಣಹೊಲ ಸೇರುವ ಅಂಚಿನಲ್ಲಿ ಏರುಗಾಳಿ ಹುಡುಕಿ. ಆಸ್ಟ್ರೇಲಿಯಾದ ಲಾಗ್‌ನಲ್ಲಿ ನೀರಾವರಿ ಪ್ರದೇಶ ದಾಟುವಾಗ ಪೈಲಟ್‌ಗಳು ಏನು ಮಾಡಿದರು ಎಂದು ನೋಡಿದರೆ ಈ ಪಾಠ ಕಣ್ಣಿಗೆ ಕಟ್ಟುತ್ತದೆ.

ಹವೆಗೆ ಒಂದು ಒರಟು ಲೆಕ್ಕ: ನೆಲದ ಉಷ್ಣಾಂಶದಿಂದ ಇಬ್ಬನಿ ಬಿಂದು (ಗಾಳಿಯ ತೇವ ಹನಿಗಟ್ಟಲು ಶುರುವಾಗುವ ಉಷ್ಣಾಂಶ) ಕಳೆದು 125ರಿಂದ ಗುಣಿಸಿದರೆ ಮೋಡದ ತಳ ಮೀಟರ್‌ನಲ್ಲಿ ಸಿಗುತ್ತದೆ. 40 ಮತ್ತು 16 ಡಿಗ್ರಿ ಆದರೆ ನೆಲದಿಂದ 3,000 ಮೀಟರ್. ಮಳೆಗಾಲದ 30 ಮತ್ತು 22 ಆದರೆ ಬರೀ 1,000. ಬೇಸಿಗೆಯಲ್ಲಿ ಹಲವು ದಿನ ಮೋಡವೇ ಕಟ್ಟುವುದಿಲ್ಲ. ಆಗ ಎಲ್ಲ ಲಾಗ್‌ಗಳೂ ಒಂದೇ ಎತ್ತರಕ್ಕೆ ತಲೆ ತಾಗಿಸಿಕೊಂಡು ನಿಂತಿರುವುದು ಕಾಣುತ್ತದೆ, ಅಲ್ಲಿ ಬಿಸಿಗಾಳಿಯ ಮುಚ್ಚಳ ಇದೆ ಎಂದರ್ಥ. ಮೇಲಿನ ಗಾಳಿಯ ಉಷ್ಣಾಂಶ, ತೇವ ತಿಳಿಯಲು ಹಾರಿಬಿಡುವ ಬಲೂನಿನ ಮಾಪನದಲ್ಲಿ ನಮಗೆ ಹತ್ತಿರದ್ದು ಹೈದರಾಬಾದಿನದು, ಕೇಂದ್ರ ಸಂಖ್ಯೆ 43128. ವ್ಯೋಮಿಂಗ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಹಳೆಯ ದಿನಗಳದ್ದೂ ಸಿಗುತ್ತದೆ. 00 ಯುಟಿಸಿ ಎಂದರೆ ನಮ್ಮ ಬೆಳಗಿನ ಐದೂವರೆ.

ಹೊಲದಲ್ಲಿ ಇಳಿದವರ ಲಾಗ್

ಕೊನೆಯ ಇಪ್ಪತ್ತು ನಿಮಿಷ ಹಿಂದಿನಿಂದ ಮುಂದಕ್ಕೆ ಓದಿ. ಸಾಮಾನ್ಯವಾಗಿ ಕಲಿಸುವ ಕ್ರಮ ಇದು: ನೆಲದಿಂದ ಸುಮಾರು 600 ಮೀಟರಿಗೆ ಇಳಿಯಬಹುದಾದ ಪ್ರದೇಶ, 450ಕ್ಕೆ ಒಂದು ಹೊಲ, 300ಕ್ಕೆ ಸರ್ಕ್ಯೂಟ್ (ಇಳಿಯುವ ಮುನ್ನ ಹೊಲದ ಸುತ್ತ ಹಾಕುವ ಕ್ರಮದ ಸುತ್ತು) ಶುರು. 200 ಮೀಟರಿನಲ್ಲಿ ಥರ್ಮಲ್ ಹಿಡಿದು ಪಾರಾದ ಲಾಗ್ ಕಂಡರೆ ಅದನ್ನು ಸಾಹಸವೆಂದು ಪಟ್ಟಿಗೆ ಸೇರಿಸಬೇಡಿ. ಹಾಗೆ ಮಾಡಿ ಪಾರಾಗದವರ ಲಾಗ್ ತಾಣಕ್ಕೆ ಬಂದಿರುವುದಿಲ್ಲ.

ಇಳಿದ ಹೊಲ ನೋಡುವಾಗ ನಮ್ಮ ಹೊಲಗಳನ್ನೂ ನೆನಪಿಸಿಕೊಳ್ಳಿ. ನವೆಂಬರ್‌ನಲ್ಲಿ ತೊಗರಿ ಆಳೆತ್ತರಕ್ಕೆ ಹತ್ತಿರ ಬೆಳೆದಿರುತ್ತದೆ. ಕೊಯ್ದ ಮೇಲೂ ಉಳಿಯುವ ಗಟ್ಟಿ ಕೂಳೆ ಗ್ಲೈಡರ್ ಹೊಟ್ಟೆ ಸೀಳಬಲ್ಲದು. ಹಿಂಗಾರಿ ಜೋಳ ಕೊಯ್ದ ನಂತರದ ಹೊಲ ವಾಸಿ, ಆದರೆ ಬದುಗಳು ಮೇಲಿನಿಂದ ಕಾಣುವುದಿಲ್ಲ. ಮಳೆ ಬಿದ್ದ ಎರೆಯಲ್ಲಿ ಚಕ್ರ ಹೂತುಹೋಗುತ್ತದೆ.

ಹಂತ 8: ಕಲಿತದ್ದನ್ನು ಹಾರಿ ನೋಡುವುದು

ಕಾಂಡೋರ್‌ನಲ್ಲಿ ಹಾರಿದ್ದನ್ನೂ ಐಜಿಸಿ ಫೈಲಾಗಿ ಉಳಿಸಬಹುದು. ಅದೇ ಸ್ಪ್ರೆಡ್‌ಶೀಟ್‌ಗೆ ಹಾಕಿ ನಿಮ್ಮ ಅಂಕಿಗಳನ್ನು ತೆಗೆಯಿರಿ: ನೆಲೆ ಕಂಡುಕೊಳ್ಳಲು ತೆಗೆದುಕೊಂಡ ಸಮಯ, ಸುತ್ತಿನ ಸೆಕೆಂಡ್, ಸುತ್ತುವ ಪಾಲು, ಬಿಟ್ಟ ಥರ್ಮಲ್‌ಗಳು. ಒಂದು ವಾರಕ್ಕೆ ಒಂದೇ ಅಂಕಿ ಸುಧಾರಿಸಲು ಹೊರಡಿ, ಎಲ್ಲ ಒಟ್ಟಿಗೆ ಬೇಡ. ಸಿಮ್ಯುಲೇಟರ್‌ನಲ್ಲಿ ನೆಲ ಓದುವುದನ್ನು ಮಾತ್ರ ಕಲಿಯಬೇಡಿ. ಅಲ್ಲಿ ಥರ್ಮಲ್ ಏಳುವುದು ದೃಶ್ಯ ತಯಾರಿಸಿದವರು ಹಾಕಿದ ನಕ್ಷೆಯಂತೆ. ನಿಜವಾದ ಹಾರಾಟಕ್ಕೆ ಬಂದಾಗ ಬೇರೆಯವರ ಗೆರೆಯನ್ನು ನಕಲು ಹೊಡೆಯುವ ಆಸೆಯೂ ಬೇಡ, ನಿನ್ನೆಯ ಥರ್ಮಲ್ ಇಂದು ಅಲ್ಲಿರುವುದಿಲ್ಲ.

ನಮ್ಮ ಜಿಲ್ಲೆಗಳ ಮೇಲೆ ಕಾಗದದಲ್ಲಿ ಟಾಸ್ಕ್ ಹಾಕುವುದು ಒಳ್ಳೆಯ ಕಸರತ್ತು: ಕಲಬುರಗಿ, ಚಿಂಚೋಳಿ, ಯಾದಗಿರಿ ತ್ರಿಕೋನ ಎಳೆದು ಎಲ್ಲಿ ಏರುತ್ತೀರಿ, ಯಾವ ನೆಲ ಎತ್ತರದಲ್ಲಿ ದಾಟುತ್ತೀರಿ ಎಂದು ಬರೆಯಿರಿ. ಅದನ್ನು ನಿಜವಾಗಿ ಹಾರಲು ಹೊರಡುವುದು ಬೇರೆ ಮಾತು. ಬೀದರ್ ವಾಯುಪಡೆಯ ತರಬೇತಿ ನೆಲೆ, ಅಲ್ಲಿ ಹಾಕ್ ಜೆಟ್‌ಗಳು ಹಾರುತ್ತವೆ. ಕಲಬುರಗಿಯಲ್ಲಿ 2019ರಿಂದ ನಾಗರಿಕ ವಿಮಾನ ನಿಲ್ದಾಣವಿದೆ. ಅನುಮತಿಯಿಲ್ಲದೆ ಪ್ಯಾರಾಗ್ಲೈಡರ್ ಕೂಡ ಬಿಚ್ಚಬಾರದು.

ಉತ್ತರ ಸಿಗದ ಪ್ರಶ್ನೆ ಉಳಿದರೆ ಆ ಪೈಲಟ್‌ಗೇ ಬರೆಯಿರಿ, ಹೆಚ್ಚಿನ ತಾಣಗಳಲ್ಲಿ ಹಾರಾಟದ ಕೆಳಗೆ ಸಂದೇಶ ಬಿಡಬಹುದು. "ನಿಮ್ಮ ಹಾರಾಟ ಅದ್ಭುತ, ಸಲಹೆ ಕೊಡಿ" ಎಂದರೆ ಉತ್ತರ ಬರುವುದು ಕಷ್ಟ. "04:31:20 ಯುಟಿಸಿಗೆ, ನೆಲದಿಂದ 1,100 ಮೀಟರಿನಲ್ಲಿ, ಸುಮಾರು 2 ಮೀಟರಿನ ಏರುಗಾಳಿ ದಾಟಿ ಹೋದಿರಿ. ನಾಲ್ಕು ಕಿಲೋಮೀಟರ್ ಮುಂದೆ 1.6ರದ್ದಕ್ಕೆ ತಿರುಗಿದಿರಿ. ಮೊದಲನೆಯದನ್ನು ಬಿಟ್ಟದ್ದು ಮುಂದೆ ಕಂಡ ಮೋಡಕ್ಕಾಗಿಯೇ?" ಎಂದು ಕೇಳಿ.